ಬಲೆಯಿದ್ದರೆ ಹಕ್ಕಿಯಿಲ್ಲ

ಊರಿನ ಹಳೆಯ ಕಟ್ಟಡಗಳಲ್ಲಿ ಯಾವ ಗೋಡೆ ಎಷ್ಟು ದಪ್ಪ, ಯಾವುದರ ಗಾರೆಯಲ್ಲಿ ಮರಳು ಜಾಸ್ತಿ, ಯಾವುದನ್ನು ಕಟ್ಟಿದವನು ಸೋಮಾರಿ ಎಂಬುದನ್ನೆಲ್ಲ ಬಾಯಿಪಾಠ ಒಪ್ಪಿಸಬಲ್ಲ ಹೆಂಗಸು ಒಬ್ಬಳೇ ಇದ್ದಳು. ಹೆತ್ತವರು ಇಟ್ಟ ಹೆಸರು ಅವಳಿಗೂ ಇತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ಎಲ್ಲರಿಗೂ ಅವಳು ಗೋಡೆಯಕ್ಕ. ಕೋಪ ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ.

ಗಂಡ ಮೇಸ್ತ್ರಿ. ಮದುವೆಯಾದ ಮೇಲೆ ಎಂಟು ವರ್ಷ ಅವಳು ಅವನ ಹಿಂದೆ ಗಾರೆಯ ಬಾಂಡ್ಲಿ ಹೊತ್ತಳು. ಒಂದು ದಿನ ಹೊತ್ತು ಹೊತ್ತು ತಲೆಕೆಟ್ಟು, ಅವನ ಕೈಯಿಂದ ಕರಣೆ ಕಿತ್ತುಕೊಂಡು ತಾನೇ ಗಿಲಾವು ಎಳೆದಳು. ಅವನದ್ದಕ್ಕಿಂತ ನುಣ್ಣಗೆ ಬಂತು. ಮೇಸ್ತ್ರಿ ಒಳ್ಳೆಯ ಮನುಷ್ಯ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಅವಳಿಗೊಂದು ಹೊಸ ಕರಣೆ ತಂದುಕೊಟ್ಟ.

ಹಕ್ಕಿಗಳ ಕೆಲಸಕ್ಕೆ ಅವಳು ಬಂದದ್ದು ಒಂದು ತೂತಿನ ದೆಸೆಯಿಂದ. ಮೂರನೆಯ ಮಹಡಿಯ ಎತ್ತರದಲ್ಲಿ ಸಾರುವೆಯ ಹಲಗೆಯ ಮೇಲೆ ನಿಂತು, ಗಿಲಾವಿಗೆ ಮೊದಲು ಬಿರುಕಿನೊಳಗಿನ ಪುಡಿ ತೆಗೆಯಲೆಂದು ಕೈ ಹಾಕಿದ್ದಳು. ಒಳಗಿನಿಂದ ಏನೋ ಬೆರಳು ಹಿಡಿದುಕೊಂಡಿತು. ಎಳೆದರೆ ಹಕ್ಕಿ. ಮಸಿಬಣ್ಣ, ಗಲ್ಲದ ಕೆಳಗೆ ಒಂದಿಷ್ಟು ಬಿಳುಪು, ಮೈಗಿಂತ ಉದ್ದದ ರೆಕ್ಕೆ, ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಪುಟ್ಟದು. ಕೂಲಿಯವರ ಬಾಯಲ್ಲಿ ಅದು ಗೋಡೆಹಕ್ಕಿ, ಪುಸ್ತಕದಲ್ಲಿ ಬಾನಾಡಿ. ತಿನ್ನುವುದು ಕುಡಿಯುವುದು ಎಲ್ಲ ಹಾರುತ್ತಲೇ. ಕೊಂಬೆಗೆ ಕೂರದು, ನೆಲಕ್ಕೆ ಇಳಿಯದು. ಮೊಟ್ಟೆ ಇಡಲು ಮಾತ್ರ ಗೋಡೆಯ ಸಂದಿಗೆ ಬರುತ್ತದೆ, ಪ್ರತಿವರ್ಷವೂ ಅದೇ ಸಂದಿಗೆ. ಇದೆಲ್ಲ ಅವಳಿಗೆ ಆಗ ಗೊತ್ತಿರಲಿಲ್ಲ. ತಾನು ಮುಚ್ಚಲು ಹೊರಟ ತೂತಿನಲ್ಲಿ ಜೀವ ಇದೆ ಎಂಬುದಷ್ಟೇ ಗೊತ್ತಾಯಿತು. "ಮುಚ್ಚೇ, ಊಟದ ಹೊತ್ತಾಯ್ತು" ಎಂದು ಮೇಲಿನ ಹಲಗೆಯಿಂದ ಯಾರೋ ಕೂಗಿದರು. ಅವಳು ಹಕ್ಕಿಯನ್ನು ಒಳಗೆ ಬಿಟ್ಟು, ಸುತ್ತಲೂ ಅಚ್ಚುಕಟ್ಟಾಗಿ ಗಿಲಾವು ಎಳೆದು, ತೂತನ್ನು ತೂತಾಗಿಯೇ ಉಳಿಸಿದಳು.

ರಸ್ತೆಯಾಚೆ ದುರ್ಬೀನು ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಇದನ್ನು ನೋಡಿದಳು. ಆ ಸೀಮೆಯ ಹಕ್ಕಿ ರಕ್ಷಣಾ ಸಂಘದಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದವಳು. ಏಣಿ ಕಂಡರೆ ಕೈಕಾಲು ನಡುಗುತ್ತಿದ್ದರೂ ಹತ್ತಿ ಬಂದು, "ಅಕ್ಕ, ಕಾಗದ ಓದೋರು ನಮ್ಮ ಆಫೀಸಲ್ಲಿ ಬೇಕಾದಷ್ಟಿದ್ದಾರೆ. ಗೋಡೆ ಓದೋರು ಒಬ್ಬರೂ ಇಲ್ಲ, ಬರ್ತೀರಾ?" ಎಂದು ಕೇಳಿದಳು. ಆ ಹುಡುಗಿಯೇ ಈಗ ಸಂಘದ ಮೇಡಂ.

ಕೆಲಸ ಇಷ್ಟು: ನಗರಸಭೆಯ ನಿಯಮದಂತೆ ಹಳೆಯ ಕಟ್ಟಡದ ಗೋಡೆ ದುರಸ್ತಿಗೆ ಮೊದಲು ಸಂಘದವರು ಬಂದು ನೋಡಿ 'ಗೂಡಿಲ್ಲ' ಎಂಬ ಚೀಟಿ ಕೊಡಬೇಕು. ಗೂಡಿದ್ದರೆ ಮರಿ ಹಾರಿಹೋಗುವವರೆಗೆ ಆ ತೂತನ್ನು ಮುಟ್ಟುವಂತಿಲ್ಲ. ಕಟ್ಟಡದ ಮಾಲೀಕರಿಗೆ ಈ ನಿಯಮ ಕಂಡರೆ ಮೈಯೆಲ್ಲ ಉರಿ. ಹೀಗೆ ಒಂದೇ ಮನೆಯಲ್ಲಿ ಗಂಡ ತೂತು ಮುಚ್ಚುವವನು, ಹೆಂಡತಿ ತಡಿ ಎನ್ನುವವಳು. "ಎಲ್ಲರೂ ಹೆಣ್ಣನ್ನ ಮದುವೆಯಾದ್ರು, ನಾನು ಹಕ್ಕಿಗಳ ವಕೀಲೀನ ಮದುವೆಯಾದೆ" ಎಂದು ಮೇಸ್ತ್ರಿ ಚಹಾದಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ನಗಿಸಿ, ಅವಳು ತಡಿ ಎಂದ ಕಡೆ ಕರಣೆ ಕೆಳಗಿಡುತ್ತಿದ್ದ. ಅಷ್ಟು ಮರ್ಯಾದೆ ಅವನಲ್ಲಿತ್ತು.

ಮೊದಮೊದಲು ಒಂದೊಂದು ಗೋಡೆಗೂ ಮೂರು ಸಂಜೆ ಬೇಕಾಗುತ್ತಿತ್ತು. ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಕತ್ತು ಎತ್ತಿ, ಯಾವ ಹಕ್ಕಿ ಯಾವ ತೂತಿಗೆ ನುಗ್ಗಿತು ಎಂದು ನೋಡಬೇಕು. ಕಣ್ಣು ರೆಪ್ಪೆ ಬಡಿಯುವುದರೊಳಗೆ ಹಕ್ಕಿ ಒಳಗಿರುತ್ತದೆ. ಕುತ್ತಿಗೆ ನೋವು, ಸೊಳ್ಳೆ, ಮಾಲೀಕರ ಬೈಗುಳ. ಎರಡನೆಯ ವರ್ಷ ಅವಳಿಗೆ ತಾನಾಗಿಯೇ ಒಂದು ದಾರಿ ಹೊಳೆಯಿತು. ಹಕ್ಕಿ ಹೋಗಿ ಬರುವ ಬಾಯಿಗೆ ಜೇಡ ಬಲೆ ಕಟ್ಟುವುದಿಲ್ಲ; ಕಟ್ಟಿದರೂ ಒಂದು ಹೊತ್ತು ಉಳಿಯುವುದಿಲ್ಲ. ತೂತಿನ ಬಾಯಲ್ಲಿ ಇಡೀ ಬಲೆ ಇದ್ದರೆ ಒಳಗೆ ಹಕ್ಕಿ ಇಲ್ಲ. ಹಳೆಯ ಸಂತೆಕಟ್ಟೆಯ ಕಲ್ಲುಗೋಡೆಯಲ್ಲಿ ನಲವತ್ತು ತೂತು ಹಾಗೆ ನೋಡಿದಳು, ಸಂಜೆ ಕೂತು ತಾಳೆ ಹಾಕಿದಳು. ನಲವತ್ತಕ್ಕೆ ನಲವತ್ತೂ ಸರಿ.

ಮೇಡಂ ಕುಣಿದಾಡಿಬಿಟ್ಟರು. ಮೂರು ಸಂಜೆಯ ಕೆಲಸ ಅರ್ಧ ಬೆಳಿಗ್ಗೆಗೆ ಬಂತು. ಮಾಲೀಕರ ಬಾಯಿಯೂ ಸ್ವಲ್ಪ ಮುಚ್ಚಿತು. ಸಂಘ ಹೊರತಂದ ಕೈಪಿಡಿಯ ಮೊದಲ ಪುಟದಲ್ಲೇ ಅವಳ ಮಾತು ದಪ್ಪ ಅಕ್ಷರದಲ್ಲಿ ಬಂತು: ಬಲೆಯಿದ್ದರೆ ಹಕ್ಕಿಯಿಲ್ಲ. ಶಾಲೆಗೆ ನಾಲ್ಕು ವರ್ಷವಷ್ಟೇ ಹೋದವಳ ಮಾತು ಅಚ್ಚಾಗಿ ಸೀಮೆಯಿಡೀ ಓಡಾಡಿತು. ಬೇರೆ ಊರುಗಳಿಂದ ಬಂದ ಪದವೀಧರರು ಅವಳ ಹಿಂದೆ ಏಣಿ ಹತ್ತಿ ಕಲಿತು ಹೋದರು. ಅವಳಿಗೆ ಹೆಮ್ಮೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಪುಸ್ತಕವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಒಂಬತ್ತು ವರ್ಷ ಆ ಮಾತಿನ ಮೇಲೆ ಚೀಟಿ ಬರೆದಳು.

ಅವರು ಇದ್ದದ್ದು ಎಂದೋ ಬಾಗಿಲು ಹಾಕಿದ ನೂಲಿನ ಗಿರಣಿಯ ಕೆಲಸಗಾರರ ವಸತಿ ಸಾಲಿನಲ್ಲಿ. ಮೂರು ಮಹಡಿ, ಮೂವತ್ತಾರು ಮನೆ, ಒಂದೊಂದು ಮನೆಗೂ ಒಂದೂವರೆ ಕೋಣೆ. ಇವರದು ಎರಡನೆಯ ಮಹಡಿ. ಮುಂದುಗಡೆ ಅಡುಗೆಮನೆ, ಹಿಂದುಗಡೆ ಮಲಗುವ ಕೋಣೆ. ಅಲ್ಲಿ ಹಿಂದಿನ ಗೋಡೆಗೆ ಒತ್ತಿಕೊಂಡು ಅತ್ತೆಯ ಮಂಚ. ಕೋಣೆ ಎಷ್ಟು ಕಿರಿದೆಂದರೆ ಅತ್ತೆ ಮಗ್ಗುಲಾದರೆ ಮೇಸ್ತ್ರಿ ಎದ್ದು ನಿಲ್ಲಬೇಕಿತ್ತು. ಮಳೆ ಹಿಡಿದರೆ ಗೋಡೆ ಬೆವರುತ್ತಿತ್ತು, ಹಾಸಿಗೆ ಒದ್ದೆ, ಬಟ್ಟೆಯಲ್ಲಿ ಬೂಷ್ಟು. ಕೆಳಮನೆಯ ಹೊಲಿಗೆಯವಳ ಮಗಳಿಗೆ ಆ ಥಂಡಿಗೆ ಎದೆ ಕಟ್ಟಿ, ಕೆಮ್ಮಿದರೆ ಮೂರು ಮಹಡಿಗೂ ಕೇಳುತ್ತಿತ್ತು. ದುರಸ್ತಿ ಮಾಡಿಸಿ ಎಂದು ಮೂವತ್ತಾರು ಮನೆಯವರೂ ಏಳು ವರ್ಷ ಅರ್ಜಿ ಕೊಟ್ಟರು. ಕೊನೆಗೂ ಈ ವರ್ಷ ಮಂಜೂರಾಯಿತು, ಕೆಲಸ ಮೇಸ್ತ್ರಿಗೇ ಸಿಕ್ಕಿತು. ಮಳೆಗೆ ಮೊದಲು ಮುಂದಿನ ಗೋಡೆ, ಹಿಂದಿನ ಗೋಡೆ ಎರಡೂ ಮುಗಿಯಬೇಕು. ಇನ್ನೊಬ್ಬರ ಮನೆಗೆ ಗಿಲಾವು ಮಾಡುತ್ತಾ ಮುದುಕನಾದವನಿಗೆ ಸ್ವಂತ ಮನೆಯ ಗೋಡೆ ಸಿಕ್ಕಿದ್ದು. ಕರಣೆ ಹಿಡಿದ ಕೈಗೆ ಹತ್ತು ವರ್ಷ ಕಡಿಮೆಯಾದ ಹಾಗಿತ್ತು.

ಮುಂದಿನ ಗೋಡೆಗೆ ಚೀಟಿ ಕೊಡಬೇಕಾದವಳು ಅವಳೇ. ಸಾರುವೆ ಹತ್ತಿ ತೂತು ತೂತೂ ನೋಡಿದಳು. ಆರಕ್ಕೆ ಬಲೆ ಇರಲಿಲ್ಲ; ಅವಕ್ಕೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಮುಟ್ಟಬೇಡಿ ಎಂದಳು. ಉಳಿದವಕ್ಕೆಲ್ಲ ಬಲೆ. ಅದರಲ್ಲೊಂದು ಅವಳದೇ ಅಡುಗೆಮನೆ ಕಿಟಕಿಯ ಪಕ್ಕದ ತೂತು. ಬಲೆಯ ನಡುವೆ ಹೊಟ್ಟೆ ತುಂಬಿದ ಜೇಡ ಕೂತಿತ್ತು. ಚೀಟಿ ಬರೆದುಕೊಟ್ಟಳು. ಹತ್ತು ದಿನದಲ್ಲಿ ಮೇಸ್ತ್ರಿ, ಕಟ್ಟಕಡೆಗೆ ತನ್ನ ಕಿಟಕಿಯ ಸುತ್ತ ಗಿಲಾವು ಎಳೆದು, ಗೋಡೆ ಮುಗಿಸಿ ಸಾರುವೆ ಬಿಚ್ಚಿಸಿದ. ಇಡೀ ಸಾಲು ರಸ್ತೆಗೆ ಇಳಿದು ನಿಂತು ನೋಡಿತು. "ಕನ್ನಡಿ ಬೇಡ, ಇದರಲ್ಲೇ ಮುಖ ನೋಡ್ಕೋಬಹುದು" ಎಂದಳು ಹೊಲಿಗೆಯವಳು.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ಚಹಾ ಕುಡಿಯುತ್ತಾ, "ಗೋಡೇಲಿ ಯಾರೋ ಇದ್ದಾರೆ" ಎಂದರು.

"ಪಕ್ಕದ ಮನೆ ರೇಡಿಯೋ ಇರಬೇಕು ಅತ್ತೆ."

"ನನಗೆ ಕಣ್ಣು ಕಾಣಲ್ಲ ಅಂತ ಕಿವಿನೂ ಕಿತ್ಕೊಂಡು ಹೋಗಿದೆ ಅಂದ್ಕೋಬೇಡ. ನಿನ್ನೆಯಿಂದ ಕರೀತಿದೆ. ನಿನ್ನೆ ಜೋರಾಗಿತ್ತು, ಇವತ್ತು ಸಣ್ಣದಾಗಿದೆ."

ಅವಳು ಒಲೆ ಆರಿಸಿದಳು. ಕಿವಿಯನ್ನು ಗೋಡೆಗೆ ಒತ್ತಿದಳು. ಮೊದಲು ತನ್ನ ರಕ್ತದ ಸದ್ದೇ ಕೇಳಿತು. ಆಮೇಲೆ ಇಟ್ಟಿಗೆಯ ಆಚೆಯಿಂದ ತೆಳುವಾಗಿ, ಎಳೆ ಎಳೆಯಾಗಿ ಒಂದು ಕೀರಲು. ಕಿಟಕಿಯಿಂದ ತಲೆ ಹೊರಹಾಕಿ ನೋಡಿದಳು. ಒಂದು ಬಾನಾಡಿ ದೂರದಿಂದ ಬಾಣದಂತೆ ಬಂದು, ಕಿಟಕಿಯ ಹಾಸುಗಲ್ಲಿನ ಕೆಳಗೆ ಹೊಸ ಗಿಲಾವಿಗೆ ಎದೆಯೊಡ್ಡಿ ಬಡಿದು, ಜಾರಿ, ಸುತ್ತು ಹೊಡೆದು, ಮತ್ತೆ ಬಂದು ಬಡಿಯಿತು. ನಯವಾದ ಗೋಡೆ, ಅದರ ಉಗುರಿಗೆ ಎಲ್ಲಿಯೂ ಹಿಡಿತ ಸಿಗಲಿಲ್ಲ. ಅವಳ ಗಂಡ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ.

ಮೇಸ್ತ್ರಿ ಊಟಕ್ಕೆ ಬಂದಾಗ ಹೇಳಿದಳು. ಅವನೂ ಕಿವಿಯಿಟ್ಟು ಕೇಳಿದ. ಕೇಳಿ, ನೆಲದ ಮೇಲೆ ಕೂತ.

"ಬಲೆ ಇತ್ತಲ್ಲೇ. ನಾನೇ ನೋಡಿದ್ದೆ. ಜೇಡನ್ನ ಕರಣೇಲಿ ಎತ್ತಿ ಆಚೆ ಬಿಟ್ಟು ಮುಚ್ಚಿದೆ."

"ಇತ್ತು. ನಾನೂ ನೋಡಿದ್ದೆ."

"ಮತ್ತೆ?"

"ಮತ್ತೆ ಗೊತ್ತಿಲ್ಲ ರೀ. ಒಡೀಬೇಕು."

ಹೊರಗಿನಿಂದ ಒಡೆಯಬೇಕೆಂದರೆ ಸಾರುವೆ ಮತ್ತೆ ಕಟ್ಟಬೇಕು, ಊರಿಗೆಲ್ಲ ಗೊತ್ತಾಗುತ್ತದೆ. ಮೇಸ್ತ್ರಿ ತಲೆ ಕೆರೆದುಕೊಂಡು, "ಒಳಗಿಂದ ಒಡೆಯೋಣ. ಇದು ನಮ್ಮ ಅಡುಗೆಮನೆ, ಯಾರು ಕೇಳ್ತಾರೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು" ಎಂದ. ಬಾಗಿಲು ಹಾಕಿದರು. ಸದ್ದು ಕೇಳಬಾರದೆಂದು ಅತ್ತೆ ತಾವಾಗಿಯೇ ಸ್ಟೀಲಿನ ಪಾತ್ರೆಗಳನ್ನೆಲ್ಲ ಇಳಿಸಿಕೊಂಡು ಒಂದಕ್ಕೊಂದು ಬಡಿದು ತೊಳೆಯತೊಡಗಿದರು. ಇಪ್ಪತ್ತು ವರ್ಷದಲ್ಲಿ ಅವರು ಒಂದು ಲೋಟ ತೊಳೆದದ್ದಿಲ್ಲ. ಮೇಸ್ತ್ರಿ ಉಳಿಗೆ ಬಟ್ಟೆ ಸುತ್ತಿ, ಮಗುವಿನ ಬೆನ್ನು ತಟ್ಟುವ ಹಾಗೆ ಸುತ್ತಿಗೆಯಲ್ಲಿ ತಟ್ಟುತ್ತಾ ಒಂದು ಇಟ್ಟಿಗೆ, ಎರಡು ಇಟ್ಟಿಗೆ ತೆಗೆದ.

ಗೋಡೆ ಟೊಳ್ಳು. ಎರಡು ಸಾಲು ಇಟ್ಟಿಗೆಯ ನಡುವೆ ಒಂದು ಗೇಣು ಖಾಲಿ. ಬಿಸಿಲಿನ ಕಾವು ಒಳಗೆ ಬಾರದಿರಲೆಂದು ಗಿರಣಿಯವರು ಹಾಗೆ ಕಟ್ಟಿಸಿದ್ದರು. ಇದು ಅವಳಿಗೆ ಗೊತ್ತಿತ್ತು. ಟೊಳ್ಳುಗೋಡೆ ಎಂದು ಎಷ್ಟೋ ಚೀಟಿಯಲ್ಲಿ ಬರೆದೂ ಇದ್ದಳು. ಟಾರ್ಚು ಬಿಟ್ಟಳು. ಗರಿ, ಹುಲ್ಲು, ಎಂಜಲಿನಿಂದ ಅಂಟಿಸಿದ ಪುಟ್ಟ ತಟ್ಟೆಯಂಥ ಗೂಡು. ಅದರ ಮೇಲೆ ರೆಕ್ಕೆ ಹರಡಿಕೊಂಡು ಒಂದು ಬಾನಾಡಿ. ಬೆಳಕಿಗೆ ಕಣ್ಣು ಮುಚ್ಚಿತು, ಎದ್ದು ಹೋಗಲಿಲ್ಲ. ರೆಕ್ಕೆಯ ಕೆಳಗೆ ಎರಡು ಮರಿ. ಒಂದು ಆಗಲೇ ಸತ್ತು ಒಣಗಿತ್ತು, ಇನ್ನೊಂದರ ಹೊಟ್ಟೆ ಏರಿಳಿಯುತ್ತಿತ್ತು.

ಗೂಡಿನ ಬಲಕ್ಕೆ, ಬಲೆ ಇದ್ದ ತೂತು. ಎಡಕ್ಕೆ, ಕಿಟಕಿಯ ಹಾಸುಗಲ್ಲಿನ ಅಡಿಯಲ್ಲಿ, ಎರಡು ಬೆರಳಗಲದ ಇನ್ನೊಂದು ಸಂದು. ಹಕ್ಕಿ ಹೋಗಿ ಬರುತ್ತಿದ್ದದ್ದು ಅದರಲ್ಲಿ. ಹಾಸುಗಲ್ಲು ಮುಂದಕ್ಕೆ ಚಾಚಿಕೊಂಡಿದ್ದರಿಂದ ಸಾರುವೆಯ ಮೇಲೆ ನಿಂತವರಿಗೆ ಅದು ಕಾಣುವುದಿಲ್ಲ. ಬಗ್ಗಿ ತಲೆಕೆಳಗಾಗಿ ನೋಡಿದರೆ ಕಾಣುತ್ತದೆ. ಇಲ್ಲವೇ ಸಂಜೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರೆ ಕಾಣುತ್ತದೆ. ಮಳೆನೀರು ನುಗ್ಗುವ ಜಾಗ ಎಂದು ಮೇಸ್ತ್ರಿ ಅದಕ್ಕೂ ಕರಣೆ ತುದಿಯಲ್ಲಿ ಗಾರೆ ತುಂಬಿದ್ದ; ಬುದ್ಧಿಯಿರುವ ಯಾವ ಮೇಸ್ತ್ರಿಯೂ ತುಂಬುತ್ತಾನೆ. ಈಗ ಒಳಗಿನಿಂದ ಗಡಾರಿ ತೂರಿಸಿ ಅದೇ ಗಾರೆಯನ್ನು ಹೊರಕ್ಕೆ ತಳ್ಳಿದ. ಬೆಳಕು ಬಂತು. ಐದು ನಿಮಿಷವಾಗಿರಲಿಲ್ಲ, ಹೊರಗೆ ಬಡಿದುಕೊಳ್ಳುತ್ತಿದ್ದ ಹಕ್ಕಿ ಗಂಟಲ ತುಂಬ ಹುಳ ತುಂಬಿಕೊಂಡು ಒಳಗೆ ನುಗ್ಗಿತು.

"ಮುಗೀತು. ರಸ್ತೆಯಿಂದ ನೋಡಿದ್ರೆ ಆ ಸಂದು ಕಾಣಲ್ಲ. ಒಳಗೆ ಹಲಗೆ ಹೊಡೆದು ಮುಚ್ತೀನಿ. ಯಾರಿಗೂ ಗೊತ್ತಾಗಲ್ಲ" ಎಂದ ಮೇಸ್ತ್ರಿ. ಅವನ ಮುಖ ಅರಳಿತ್ತು.

ಅವಳು ಟಾರ್ಚನ್ನು ಗೂಡಿನಾಚೆಗೆ, ಟೊಳ್ಳಿನ ಉದ್ದಕ್ಕೆ ಹಿಡಿದಿದ್ದಳು. ಆಚೆಗಿರುವುದು ಪಕ್ಕದ ಮನೆಯ ಕಿಟಕಿ. ನಾಲ್ಕು ವರ್ಷದ ಹಿಂದೆ ಅಲ್ಲಿ ನೀರು ಸೋರುತ್ತದೆಂದು ಅಷ್ಟೇ ಜಾಗ ದುರಸ್ತಿಯಾಗಿತ್ತು. ಚೀಟಿ ಅವಳದು, ಗಾರೆ ಅವನದು. ಬೆಳಕಿನಲ್ಲಿ ಒಂದು ಗೂಡು ಕಂಡಿತು. ಗೂಡಿನಲ್ಲಿ ಮೂಳೆ. ಅದರಾಚೆ, ಮುಚ್ಚಿದ ಸಂದಿಗೆ ಒಳಗಿನಿಂದ ಒತ್ತಿಕೊಂಡು ಎರಡು ಒಣಗಿದ ಹಕ್ಕಿ, ಉಗುರು ಇನ್ನೂ ಗಾರೆಯಲ್ಲಿ ನೆಟ್ಟಿತ್ತು.

ಅವಳು ನಲವತ್ತು ತೂತು ಪರೀಕ್ಷೆ ಮಾಡಿದ್ದು ಸಂತೆಕಟ್ಟೆಯ ಗಟ್ಟಿಗೋಡೆಯಲ್ಲಿ. ಅಲ್ಲಿ ಒಂದು ಗೂಡಿಗೆ ಒಂದೇ ಬಾಯಿ. ಟೊಳ್ಳುಗೋಡೆಯಲ್ಲಿ ಒಂದು ಗೂಡಿಗೆ ಎಷ್ಟು ಬಾಯಿ ಬೇಕಾದರೂ ಇರಬಹುದು, ಹಕ್ಕಿ ಬಳಸದ ಬಾಯಿಗೆ ಜೇಡ ಸಂಸಾರ ಹೂಡಬಹುದು. ಗೋಡೆಯ ವಿಷಯ ಅವಳಷ್ಟು ತಿಳಿದವರು ಆ ಸೀಮೆಯಲ್ಲೇ ಇರಲಿಲ್ಲ; ಆದ್ದರಿಂದ ಈ ತಪ್ಪನ್ನು ಮಾಡಲು ಅವಳಿಗೆ ಹಕ್ಕೇ ಇರಲಿಲ್ಲ. ಮೂರು ಸಂಜೆ ಉಳಿಯಿತಲ್ಲ ಎಂಬ ಸಂತೋಷದಲ್ಲಿ ಅವಳ ಬುದ್ಧಿ ಮಂಕಾಗಿತ್ತು. ಆ ಕಾಲದ ಗಿರಣಿ, ಗೋದಾಮು, ಆಸ್ಪತ್ರೆ, ಶಾಲೆ ಎಲ್ಲ ಟೊಳ್ಳುಗೋಡೆಯವೇ.

ಅದೇ ಮಧ್ಯಾಹ್ನ ಸಂಘದ ಕಚೇರಿಗೆ ಹೋದಳು. ಮೇಡಂ ಕಡತಗಳ ಗುಡ್ಡೆಯ ಹಿಂದೆ ಕೂತಿದ್ದರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಹೆಂಗಸಿಗೂ ಹಕ್ಕಿಯೆಂದರೆ ಜೀವ. ಅದನ್ನು ಯಾರೂ ಅನುಮಾನಿಸುವಂತಿಲ್ಲ.

"ಅಕ್ಕ, ಈ ತಿಂಗಳ ಕೊನೆಗೆ ನಮ್ಮ ಚೀಟಿ ನಿಯಮ ಮುಂದುವರಿಸಬೇಕೋ ಬೇಡವೋ ಅಂತ ನಗರಸಭೇಲಿ ಸಭೆ ಇದೆ. ಮಾಲೀಕರೆಲ್ಲ ಕತ್ತಿ ಮಸೀತಾ ಕೂತಿದ್ದಾರೆ. ಒಂಬತ್ತು ವರ್ಷ ನೀವು ಹೇಳಿದ್ದೇ ಸುಳ್ಳಂತಲ್ಲ ಅಂತ ಒಬ್ಬ ಎದ್ದು ನಿಂತ್ರೆ ಸಾಕು, ನಿಯಮಾನೇ ಹೋಗುತ್ತೆ. ಆಮೇಲೆ ಬಲೆ ಇರೋ ತೂತೂ ಇಲ್ಲ, ಇಲ್ಲದಿರೋ ತೂತೂ ಇಲ್ಲ, ಎಲ್ಲಾನೂ ಮುಚ್ತಾರೆ. ಸಭೆ ಮುಗೀಲಿ. ಮುಂದಿನ ವರ್ಷ ಹೊಸ ಕೈಪಿಡಿ ತರೋಣ, ಸದ್ದಿಲ್ಲದೆ ತಿದ್ದೋಣ."

"ನಾಳೆ ನಮ್ಮ ಹಿಂದಿನ ಗೋಡೆಗೆ ಚೀಟಿ ಕೊಡ್ಬೇಕು ಮೇಡಂ. ಮೂವತ್ತು ತೂತು. ಎಲ್ಲಕ್ಕೂ ಬಲೆ ಇದೆ."

ಮೇಡಂ ಅವಳ ಮುಖ ನೋಡಲಿಲ್ಲ. "ನಾಳೆ ನಾನೂ ಬರ್ತೀನಿ. ಕೈಪಿಡೀಲಿ ಇರೋ ಹಾಗೆ ನೋಡಿದ್ದೀರಿ, ಕೈಪಿಡೀಲಿ ಇರೋ ಹಾಗೆ ಬರೆಯಿರಿ. ಅದು ಸುಳ್ಳಾಗಲ್ಲ ಅಕ್ಕ."

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಚೀಟಿ ಕೊಟ್ಟರೆ ಮೂವತ್ತು ತೂತಿನ ಹಿಂದೆ ಯಾವ ಯಾವುದರಲ್ಲಿ ಜೀವ ಇದೆಯೋ ಅದೆಲ್ಲ ಒಳಗೇ ಉಳಿಯುತ್ತದೆ. ಕೊಡದೆ ಮತ್ತೆ ಸಂಜೆ ಕೂತು ನೋಡಿ ಗೂಡು ಸಿಕ್ಕರೆ, ಟೊಳ್ಳಿನ ಯಾವ ಬಾಯಿಯನ್ನೂ ಮುಚ್ಚುವಂತಿಲ್ಲ; ಮರಿ ಹಾರುವವರೆಗೆ ಒಂದೂವರೆ ತಿಂಗಳು ಕೆಲಸ ನಿಲ್ಲುತ್ತದೆ, ಮಳೆಗೆ ಇರುವುದು ಹತ್ತು ದಿನ. ಅತ್ತೆಯ ಹಾಸಿಗೆ, ಹೊಲಿಗೆಯವಳ ಮಗಳ ಎದೆ, ಮೂವತ್ತಾರು ಮನೆಯ ಇನ್ನೊಂದು ಮಳೆಗಾಲ. ಕಾರಣ ಕೇಳಿದರೆ ಹೇಳಬೇಕು, ಹೇಳಿದರೆ ಅವಳು ಒಂಬತ್ತು ವರ್ಷ ಕಾಪಾಡಿಕೊಂಡು ಬಂದ ನಿಯಮವೇ ಬೀಳಬಹುದು. ಎತ್ತ ತಿರುಗಿದರೂ ಗೋಡೆ. ಮನೆಗೆ ಬರುವ ದಾರಿಯಲ್ಲಿ ರಸ್ತೆಯ ಎರಡೂ ಬದಿಯ ನುಣುಪಾದ ಗೋಡೆಗಳನ್ನು ನೋಡಲು ಅವಳಿಗೆ ಧೈರ್ಯ ಬರಲಿಲ್ಲ, ನೆಲ ನೋಡಿಕೊಂಡು ನಡೆದಳು.

ಮೆಟ್ಟಿಲ ಬಳಿ ಹೊಲಿಗೆಯವಳು ಸಿಕ್ಕಿ, "ನಾಳೆ ಚೀಟಿ ತಾನೇ ಅಕ್ಕ? ಮಗು ಹಾಸಿಗೇನ ಗೋಡೆಯಿಂದ ಈಚೆ ಎಳೆದು ಇಟ್ಟಿದ್ದೀನಿ, ಕೆಲಸದವರಿಗೆ ಅಡ್ಡ ಆಗಬಾರದು ನೋಡಿ" ಎಂದಳು. ಗೋಡೆಯಕ್ಕ ತಲೆಯಾಡಿಸಿದಳು. ತಲೆಯಾಡಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮನೆಯಲ್ಲಿ ಮೇಸ್ತ್ರಿ ಹಲಗೆ ಹೊಡೆದು ಮುಗಿಸಿದ್ದ. ಹಲಗೆಯ ಹಿಂದೆ ಮರಿ ಈಗ ಜೋರಾಗಿ ಕೂಗುತ್ತಿತ್ತು. ಅವಳು ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು. ಆ ಮನೆಯಲ್ಲಿ ಒಬ್ಬರಿಂದ ಒಬ್ಬರು ದೂರ ಹೋಗಿ ಯೋಚಿಸಲು ಜಾಗವಿರಲಿಲ್ಲ. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತರು.

"ಏನ್ ಮಾಡ್ಲಿ ರೀ?"

"ಕೊಡು ಅಂತ ನಾನು ಹೇಳಲ್ಲ. ಕೊಡಬೇಡ ಅಂತಲೂ ಹೇಳಲ್ಲ. ಅಮ್ಮನ ಬೆನ್ನು ನೋಡಿದ್ದೀಯ, ಬೂಷ್ಟು ಹಿಡಿದ ಹಾಗಾಗಿದೆ. ಆ ಕಡೆ ಟಾರ್ಚಲ್ಲಿ ಕಂಡಿದ್ದೂ ನೋಡಿದ್ದೀನಿ. ನನ್ನನ್ನ ಕೇಳಬೇಡ ಕಣೇ." ಯಾವತ್ತೂ ಒಂದು ತಮಾಷೆ ಕೈಯಲ್ಲಿಟ್ಟುಕೊಂಡೇ ಇರುತ್ತಿದ್ದವನ ಹತ್ತಿರ ಅವತ್ತು ಏನೂ ಇರಲಿಲ್ಲ. ಒಳಗಿನ ಮಂಚದಿಂದ ಅತ್ತೆ, "ನನ್ನ ಬೆನ್ನನ್ನ ಯಾಕೋ ಪಂಚಾಯ್ತಿಗೆ ಎಳೀತೀಯ?" ಎಂದು ಗದರಿದರು. ಅದಕ್ಕೂ ಯಾರೂ ನಗಲಿಲ್ಲ.

ಮರುದಿನ ಹತ್ತು ಗಂಟೆಗೆ ದುರಸ್ತಿ ನೋಡಿಕೊಳ್ಳುವ ನಗರಸಭೆಯ ಇಂಜಿನಿಯರ್ ಬಂದರು, ಮೇಡಂ ಬಂದರು. ಹಿಂದಿನ ಅಂಗಳದಲ್ಲಿ ಸಾಲಿಗೆ ಸಾಲೇ ನೆರೆದಿತ್ತು. ಸಾರುವೆ ಎದ್ದು ನಿಂತಿತ್ತು, ಗಾರೆ ಕಲಸಿ ಆಗಿತ್ತು, ಮೇಸ್ತ್ರಿಯ ಆಳುಗಳು ಬಾಂಡ್ಲಿ ಹಿಡಿದು ಕಾಯುತ್ತಿದ್ದರು. ಅವಳು ಬೆಳಿಗ್ಗೆಯೇ ಮತ್ತೊಮ್ಮೆ ಮೇಲೆ ಹತ್ತಿ ನೋಡಿ ಇಳಿದಿದ್ದಳು. ಇಂಜಿನಿಯರ್ ಚೀಟಿ ಪುಸ್ತಕ ತೆಗೆದು ಪೆನ್ನು ಅವಳ ಕೈಗಿಟ್ಟರು.

"ಬಲೆ ಇದೆ ತಾನೇ ಎಲ್ಲಕ್ಕೂ?"

"ಇದೆ ಸಾರ್."

"ಸರಿ, ಸಹಿ ಹಾಕಿ. ಗಾರೆ ಗಟ್ಟಿಯಾಗುತ್ತೆ."

ಪೆನ್ನಿನ ತುದಿ ಕಾಗದಕ್ಕೆ ತಾಗಿತ್ತು. ಅವಳ ಕಣ್ಣಿಗೆ ಕಾಗದ ಕಾಣಲಿಲ್ಲ. ಗಾರೆಯಲ್ಲಿ ನೆಟ್ಟ ಉಗುರು ಕಾಣುತ್ತಿತ್ತು. ಪೆನ್ನನ್ನು ವಾಪಸು ಕೊಟ್ಟಳು.

"ನಾನು ಹಾಕಲ್ಲ ಸಾರ್. ಬಲೆ ಇದ್ರೂ ಹಕ್ಕಿ ಇರುತ್ತೆ."

ಇಂಜಿನಿಯರ್ ನಕ್ಕರು. ಬ್ಯಾಗಿನಿಂದ ಸಂಘದ ಕೈಪಿಡಿ ತೆಗೆದು ಮೊದಲ ಪುಟ ತೋರಿಸಿದರು. "ಏನಮ್ಮ, ನಿಮ್ಮ ಪುಸ್ತಕದಲ್ಲೇ ಇದೆಯಲ್ಲ?"

"ಆ ಮಾತು ನಂದೇ ಸಾರ್. ತಪ್ಪು ಮಾತು."

ಅಂಗಳದಲ್ಲಿ ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಲಾಟೆ ಎದ್ದಿತು. ಏಳು ವರ್ಷದ ಅರ್ಜಿ, ಕೈಗೆ ಬಂದ ತುತ್ತು, ಹಕ್ಕಿ ದೊಡ್ಡದೋ ಮನುಷ್ಯ ದೊಡ್ಡವನೋ, ಎಲ್ಲ ಮಾತೂ ಬಂತು. ಅವರದೇನೂ ತಪ್ಪಿಲ್ಲ, ಅವಳ ಜಾಗದಲ್ಲಿ ಬೇರೆಯವರಿದ್ದಿದ್ದರೆ ಅವಳೂ ಅದನ್ನೇ ಕೇಳುತ್ತಿದ್ದಳು. ಹೊಲಿಗೆಯವಳು ಕೂಗಲಿಲ್ಲ. ಹತ್ತಿರ ಬಂದು, ಕೇಳೀ ಕೇಳದ ಹಾಗೆ, "ಈ ತಪ್ಪು ಗೊತ್ತಾಗೋದು ಇನ್ನು ಒಂದು ವಾರ ತಡ ಆಗಿದ್ರೆ ಆಗ್ತಿ‌ರಲಿಲ್ವಾ ಅಕ್ಕ?" ಎಂದಳು. ಗೋಡೆಯಕ್ಕ ಇಂದಿನಿಂದ ದಿನಕ್ಕೆ ನಾಲ್ಕು ಸಲ ಅವಳ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಿಳಿಯಬೇಕು.

ಇಂಜಿನಿಯರ್ ಮಾತ್ರ ನಗು ನಿಲ್ಲಿಸಿದ್ದರು. "ಸ್ವಲ್ಪ ಸುಮ್ಮನಿರ್ರಿ ಎಲ್ರೂ. ಅಮ್ಮ, ಹಾಗಾದ್ರೆ ಇದುವರೆಗೆ ಕೊಟ್ಟ ಚೀಟಿಗಳು?"

"ಅಕ್ಕ, ಬೇಡ" ಎಂದರು ಮೇಡಂ. ಆಜ್ಞೆಯಲ್ಲ ಅದು, ಬೇಡಿಕೊಂಡಂತಿತ್ತು.

ಅವಳು ಒಮ್ಮೆ ಗಂಡನ ಕಡೆ ನೋಡಿದಳು. ಅವನು ಸಾರುವೆಯ ಕಂಬ ಹಿಡಿದು ನೆಲ ನೋಡುತ್ತಾ ನಿಂತಿದ್ದ. ಅವಳು ಬಾಯಿ ತೆರೆದಳು.

"ಹತ್ತಿ ಗೋದಾಮು. ಎರಡೂ ಗೋಡೆ. ದೊಡ್ಡಾಸ್ಪತ್ರೆಯ ಹಳೇ ಭಾಗ. ಹೆಣ್ಣುಮಕ್ಕಳ ಶಾಲೆ, ಮುಂದುಗಡೆ, ಆಟದ ಬಯಲಿನ ಕಡೆ. ಸ್ಟೇಷನ್ನಿನ ಎದುರಿನ ಛತ್ರ. ಇಲ್ಲಿ, ನಮ್ಮ ಪಕ್ಕದ ಮನೆ ಕಿಟಕಿ." ಒಂದೊಂದಾಗಿ ಹೇಳುತ್ತಾ ಹೋದಳು. ಇಂಜಿನಿಯರ್ ಬರೆದುಕೊಳ್ಳುತ್ತಿದ್ದರು. ಹನ್ನೊಂದು ಹೇಳಿದ ಮೇಲೆ ಬೆರಳು ಮಡಚುವುದನ್ನು ನಿಲ್ಲಿಸಿ, "ಅಷ್ಟೇ ಅನ್ಸುತ್ತೆ" ಎಂದಳು.

"ಅಷ್ಟೇ ಅಲ್ಲ." ಮೇಸ್ತ್ರಿಯ ದನಿ. ಅವನು ಕಂಬ ಬಿಟ್ಟು ಬಂದು ಅವಳ ಪಕ್ಕದಲ್ಲಿ ನಿಂತಿದ್ದ. "ಕೋರ್ಟಿನ ಹಿಂಭಾಗ ಮರೆತೆ. ಹದಿನೆಂಟು ತೂತು. ನಾನೇ ಮುಚ್ಚಿದ್ದು. ಅದನ್ನೂ ಹೇಳು."

ಅವಳು ಅದನ್ನೂ ಹೇಳಿದಳು.